ತೀರ್ಪು ಬಂದ ಮೇಲೂ ಶಾಸಕರೇ?

2025ರ ಮೇ 6ರಂದು ಹೈದರಾಬಾದಿನ ಸಿಬಿಐ ವಿಶೇಷ ನ್ಯಾಯಾಲಯವು ಓಬಳಾಪುರಂ ಗಣಿ ಪ್ರಕರಣದಲ್ಲಿ ಗಂಗಾವತಿ ಶಾಸಕ ಗಾಲಿ ಜನಾರ್ದನ ರೆಡ್ಡಿ ಅವರನ್ನು ದೋಷಿ ಎಂದು ಘೋಷಿಸಿ ಏಳು ವರ್ಷ ಜೈಲು ಶಿಕ್ಷೆ ವಿಧಿಸಿತು. ಎರಡು ದಿನದಲ್ಲಿ ಶಾಸಕತ್ವ ಹೋಯಿತು. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ತಡೆ ಕೊಟ್ಟಿತು, ಶಾಸಕತ್ವ ಮರಳಿ ಬಂತು. ಸಿಬಿಐ ಮೊಕದ್ದಮೆ ಹೂಡಿದ್ದು 2009ರ ಡಿಸೆಂಬರ್‌ನಲ್ಲಿ. ಹದಿನೈದು ವರ್ಷ ನಡೆದ ವಿಚಾರಣೆಯ ಫಲ ಐದೇ ವಾರ ಉಳಿಯಿತು.

ಅದಕ್ಕೂ ಮೊದಲು, 2024ರ ಅಕ್ಟೋಬರ್ 24ರಂದು, ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಕಾರವಾರದ ಶಾಸಕ ಸತೀಶ್ ಸೈಲ್ ಅವರನ್ನು ಬೇಲೆಕೇರಿ ಅದಿರು ಪ್ರಕರಣಗಳಲ್ಲಿ ದೋಷಿ ಎಂದಿತ್ತು. ಅವರಿಗೂ ಏಳು ವರ್ಷ. ನವೆಂಬರ್ 13ರಂದು ನಮ್ಮ ರಾಜ್ಯದ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ನಡುವಿನ ಸುಮಾರು ಮೂರು ವಾರಗಳಲ್ಲಿ ಅವರನ್ನು ಅನರ್ಹಗೊಳಿಸುವ ಅಧಿಸೂಚನೆ ವಿಧಾನಸಭೆಯಿಂದ ಹೊರಬೀಳಲೇ ಇಲ್ಲ. ವಿರೋಧ ಪಕ್ಷದ ಶಾಸಕರಿಗೆ ಎರಡು ದಿನ ಸಾಕಾಯಿತು, ಆಳುವ ಪಕ್ಷದ ಶಾಸಕರಿಗೆ ಮೂರು ವಾರವೂ ಸಾಲಲಿಲ್ಲ. ಇದನ್ನು ಸ್ಪೀಕರ್ ಕಚೇರಿ ರಾಜ್ಯದ ಜನರಿಗೆ ವಿವರಿಸಲೇಬೇಕು. ತೀರ್ಪಿನ ಪ್ರತಿ ಕೈಸೇರಬೇಕು ಎಂಬ ಕಾರಣ ಒಬ್ಬರಿಗೆ ಅನ್ವಯಿಸಿ ಇನ್ನೊಬ್ಬರಿಗೆ ಅನ್ವಯಿಸದೆ ಇರಲು ಸಾಧ್ಯವಿಲ್ಲ.

ಬೇಲೆಕೇರಿಯಲ್ಲಿ ನಡೆದದ್ದೇನು ಎಂಬುದನ್ನು ಮರೆಯಬಾರದು. ಹೊಸಪೇಟೆ, ಸಂಡೂರು ಕಡೆಯಿಂದ ಹೊರಟ ಲಾರಿಗಳು ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು, ಅಂಕೋಲಾ ತಾಲ್ಲೂಕಿನ ಆ ಪುಟ್ಟ ಬಂದರಿಗೆ ಹಗಲು ರಾತ್ರಿ ಅದಿರು ಸುರಿಯುತ್ತಿದ್ದವು. ರಸ್ತೆಯ ಇಕ್ಕೆಲದ ಮರಗಳ ಎಲೆ, ಮನೆಗಳ ಹೆಂಚು, ಅಂಗಳದಲ್ಲಿ ಒಣಹಾಕಿದ ಬಟ್ಟೆ ಎಲ್ಲವೂ ಕೆಂಪಾಗಿದ್ದ ಕಾಲ ಅದು. 2010ರ ಮಾರ್ಚ್‌ನಲ್ಲಿ ಅರಣ್ಯ ಅಧಿಕಾರಿ ಆರ್. ಗೋಕುಲ್ ಅಲ್ಲಿ ಸುಮಾರು 5 ಲಕ್ಷ ಟನ್ ಅದಿರನ್ನು ಜಪ್ತಿ ಮಾಡಿದರು. ಜಪ್ತಿಯಾದ ಅದಿರು, ಅಂದರೆ ಸರ್ಕಾರದ ಸುಪರ್ದಿಯಲ್ಲಿದ್ದ ಮಾಲು, ಹಡಗು ಹತ್ತಿ ಹೋಯಿತು. ಜೇಬಿನಲ್ಲಿ ಬಚ್ಚಿಟ್ಟು ಒಯ್ಯುವ ವಸ್ತುವಲ್ಲ ಅದು. ಅದನ್ನು ತುಂಬಲು ಯಂತ್ರ ಬೇಕು, ಹಡಗು ಬೇಕು, ಕಾಗದಪತ್ರ ಬೇಕು, ಕಂಡೂ ಕಾಣದಂತೆ ಕೂರುವ ಅಧಿಕಾರಿಗಳು ಬೇಕು. ಜಪ್ತಿ ಮಾಡಿದ ಅಧಿಕಾರಿಯನ್ನೇ ಅಮಾನತು ಮಾಡಲು ಹೊರಟಾಗ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಆ ವರ್ಷದ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು, ಆಮೇಲೆ ಮನವೊಲಿಕೆಗೆ ಓಗೊಟ್ಟು ಹಿಂತೆಗೆದುಕೊಂಡರು. ಮರುವರ್ಷ ಅವರು ಕೊಟ್ಟ ವರದಿ ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜಿಸಿತು. ಮುಖ್ಯಮಂತ್ರಿಯ ಕುರ್ಚಿಯೇ ಹೋಯಿತು.

ಇಷ್ಟು ದೊಡ್ಡ ಲೂಟಿಯಲ್ಲಿ ಕೊನೆಗೂ ಬಂದ ಬೆರಳೆಣಿಕೆಯ ತೀರ್ಪುಗಳು ಇವು. ಅವುಗಳಿಗೂ ಬೆಲೆ ಇಲ್ಲವೆಂದರೆ ಜನ ಯಾವುದನ್ನು ನಂಬಬೇಕು?

ಕಾನೂನು ಅಸ್ಪಷ್ಟವಾಗಿಲ್ಲ. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾದರೆ ಅನರ್ಹತೆ ಎಂದು ಜನಪ್ರತಿನಿಧಿ ಕಾಯ್ದೆಯ 8ನೇ ಕಲಂ ಹೇಳುತ್ತದೆ. ಭ್ರಷ್ಟಾಚಾರ ತಡೆ ಕಾಯ್ದೆಯಡಿ ದೋಷಿಯಾದರೆ ಬರೀ ದಂಡ ಬಿದ್ದರೂ ಸಾಕು. ಮೇಲ್ಮನವಿ ಹಾಕಿದ್ದೇನೆಂದು ಸದನದಲ್ಲಿ ಕೂರಲು ಅವಕಾಶವಿದ್ದ ಉಪಕಲಮನ್ನು 2013ರ ಜುಲೈ 10ರಂದು ಸುಪ್ರೀಂ ಕೋರ್ಟ್ ಲಿಲಿ ಥಾಮಸ್ ಪ್ರಕರಣದಲ್ಲಿ ರದ್ದು ಮಾಡಿತು. ಅಂದು ಮುಂಬಾಗಿಲು ಮುಚ್ಚಿತು. ಈಗ ಎಲ್ಲರೂ ನುಗ್ಗುತ್ತಿರುವುದು ತಡೆಯಾಜ್ಞೆಯೆಂಬ ಹಿತ್ತಲ ಬಾಗಿಲಿನಿಂದ.

ದೋಷಿ ಎಂಬ ತೀರ್ಪಿಗೇ ತಡೆ ಕೊಡುವುದು ತೀರಾ ಅಪರೂಪವಾಗಿರಬೇಕು ಎಂದು ಸುಪ್ರೀಂ ಕೋರ್ಟೇ ಮತ್ತೆ ಮತ್ತೆ ಹೇಳಿದೆ. 2001ರ ಕೆ.ಸಿ. ಸರೀನ್ ಪ್ರಕರಣದಲ್ಲಂತೂ, ಲಂಚ ತಿಂದನೆಂದು ಸಾಬೀತಾದ ಸರ್ಕಾರಿ ನೌಕರನನ್ನು ಮೇಲಿನ ಕೋರ್ಟು ಬಿಡುಗಡೆ ಮಾಡುವವರೆಗೂ ಭ್ರಷ್ಟನೆಂದೇ ಕಾಣಬೇಕು ಎಂದು ಸ್ಪಷ್ಟಪಡಿಸಿತು. ಪಹಣಿ ತಿದ್ದಿಕೊಡಲು ಕೆಲವು ಸಾವಿರ ರೂಪಾಯಿ ಪಡೆದು ಲೋಕಾಯುಕ್ತ ಬಲೆಗೆ ಬಿದ್ದ ಗ್ರಾಮ ಲೆಕ್ಕಿಗನಿಗೆ ಈ ಮಾತು ಚಾಚೂ ತಪ್ಪದೆ ಅನ್ವಯವಾಗುತ್ತದೆ. ಶಿಕ್ಷೆಯಾದರೆ ಅವನನ್ನು ಇಲಾಖಾ ವಿಚಾರಣೆಯೂ ಇಲ್ಲದೆ ಕೆಲಸದಿಂದ ತೆಗೆಯಲು ಸಂವಿಧಾನದ 311ನೇ ವಿಧಿಯಲ್ಲೇ ಅವಕಾಶವಿದೆ. ಅವನ ಮೇಲೆ ಕಾನೂನು ಮಾಡುವವರಿಗೆ ಮಾತ್ರ ಬೇರೆ ಅಳತೆಗೋಲು ಏಕೆ?

ಶಾಸಕರಿಲ್ಲದಿದ್ದರೆ ಕ್ಷೇತ್ರ ಅನಾಥವಾಗುತ್ತದೆ, ಉಪಚುನಾವಣೆ ನಡೆದರೆ ಮತ್ತೆ ಹಿಂತಿರುಗಿಸಲಾಗದ ನಷ್ಟವಾಗುತ್ತದೆ ಎಂಬುದು ವಕೀಲರು ಮುಂದಿಡುವ ವಾದ. 2023ರ ಡಿಸೆಂಬರ್‌ನಲ್ಲಿ ಉತ್ತರ ಪ್ರದೇಶದ ಸಂಸದ ಅಫ್ಜಲ್ ಅನ್ಸಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಬಹುಮತದ ತೀರ್ಪು ಕ್ಷೇತ್ರದ ಪ್ರಾತಿನಿಧ್ಯದ ಮಾತಿಗೆ ಮನ್ನಣೆ ಕೊಟ್ಟಿತು, ಒಬ್ಬ ನ್ಯಾಯಮೂರ್ತಿ ಒಪ್ಪಲಿಲ್ಲ. ಒಪ್ಪದವರ ಪರ ನಾನಿದ್ದೇನೆ. ಚುನಾಯಿತರಾಗಿದ್ದೇ ವಿನಾಯಿತಿಗೆ ಕಾರಣವಾದರೆ, ಅನರ್ಹತೆಯ ಕಾನೂನು ಅನ್ವಯವಾಗುವ ಪ್ರತಿಯೊಬ್ಬರೂ ಆ ವಿನಾಯಿತಿಗೆ ಅರ್ಹರಾಗುತ್ತಾರೆ. ಆಗ ಕಾನೂನು ಇದ್ದೂ ಇಲ್ಲದಂತೆ.

ಕ್ಷೇತ್ರ ಅನಾಥವಾಗುತ್ತದೆ ಎಂಬುದೂ ಸುಳ್ಳು. 2014ರ ಸೆಪ್ಟೆಂಬರ್ 27ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯದಲ್ಲಿ ನ್ಯಾಯಾಧೀಶ ಜಾನ್ ಮೈಕೆಲ್ ಕುನ್ಹಾ ಅವರು ತಮಿಳುನಾಡಿನ ಜಯಲಲಿತಾ ಅವರಿಗೆ ನಾಲ್ಕು ವರ್ಷ ಜೈಲು, 100 ಕೋಟಿ ರೂಪಾಯಿ ದಂಡ ವಿಧಿಸಿದರು. ಅಧಿಕಾರದಲ್ಲಿದ್ದ ಮುಖ್ಯಮಂತ್ರಿ ಅಂದೇ ಶಾಸಕತ್ವ ಕಳೆದುಕೊಂಡರು. ಶ್ರೀರಂಗಂ ಕ್ಷೇತ್ರಕ್ಕೆ 2015ರ ಫೆಬ್ರುವರಿಯಲ್ಲಿ ಉಪಚುನಾವಣೆ ನಡೆದು ಹೊಸ ಶಾಸಕರು ಬಂದರು. ತಮಿಳುನಾಡಿನ ಆಡಳಿತವೇನೂ ನಿಂತುಹೋಗಲಿಲ್ಲ. ಮೇಲ್ಮನವಿಯನ್ನು ನಮ್ಮ ಹೈಕೋರ್ಟ್ 2015ರ ಮೇ 11ಕ್ಕೇ ಇತ್ಯರ್ಥ ಮಾಡಿ ಅವರನ್ನು ಖುಲಾಸೆಗೊಳಿಸಿತು. ಆ ಖುಲಾಸೆ ಸರಿಯಲ್ಲವೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಬೇರೆ ಕಥೆ. ನಾನು ಎತ್ತಿ ಹೇಳುತ್ತಿರುವುದು ಇಷ್ಟು: ಸಾವಿರಾರು ಪುಟದ ದಾಖಲೆಗಳಿದ್ದ ಪ್ರಕರಣದ ಮೇಲ್ಮನವಿಯನ್ನು ಎಂಟು ತಿಂಗಳೊಳಗೆ ಮುಗಿಸಲು ಇದೇ ಬೆಂಗಳೂರಿನ ಹೈಕೋರ್ಟಿಗೆ ಸಾಧ್ಯವಾಗಿತ್ತು.

ರಾಜಕೀಯ ದ್ವೇಷದ ಮೊಕದ್ದಮೆಗಳ ಭಯ ನನಗೂ ಇದೆ. 2023ರಲ್ಲಿ ಮಾನಹಾನಿ ಪ್ರಕರಣದಲ್ಲಿ ರಾಹುಲ್ ಗಾಂಧಿ ಅವರಿಗೆ ಸರಿಯಾಗಿ ಎರಡು ವರ್ಷ, ಅಂದರೆ ಗರಿಷ್ಠ ಶಿಕ್ಷೆ ವಿಧಿಸಿ ಸಂಸತ್ ಸದಸ್ಯತ್ವ ಕಳೆದಾಗ, ಸುಪ್ರೀಂ ಕೋರ್ಟ್ ತಡೆ ಕೊಟ್ಟದ್ದು ನ್ಯಾಯವೇ. ಭಾಷಣದ ಮಾತಿಗೆ ಸಿಕ್ಕ ಆ ರಕ್ಷಣೆಯನ್ನು ನಾಡಿನ ಅದಿರು ದೋಚಿದರೆಂದು ಸಾಬೀತಾದವರಿಗೆ ವಿಸ್ತರಿಸಬಾರದು.

2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಂಡಿಸಿದ 130ನೇ ಸಂವಿಧಾನ ತಿದ್ದುಪಡಿ ಮಸೂದೆ ರೋಗ ಬಿಟ್ಟು ಬೇರೆಲ್ಲೋ ಮದ್ದು ಹಚ್ಚುತ್ತದೆ. 30 ದಿನ ಬಂಧನದಲ್ಲಿದ್ದರೆ ಮಂತ್ರಿ, ಮುಖ್ಯಮಂತ್ರಿ ಪದವಿ ಕಳೆದುಕೊಳ್ಳಬೇಕಂತೆ. ಬಂಧಿಸುವುದು ಪೊಲೀಸರು, ಇ.ಡಿ., ಸಿಬಿಐ. ಅಪರಾಧ ಸಾಬೀತಾಗುವ ಮೊದಲೇ ಕಠೋರ, ಸಾಬೀತಾದ ಮೇಲೆ ಉದಾರ. ಇದಕ್ಕಿಂತ ತಲೆಕೆಳಗಾದ ನ್ಯಾಯ ಇನ್ನೊಂದಿಲ್ಲ.

ತೆರವಾದ ಸ್ಥಾನಕ್ಕೆ ಆರು ತಿಂಗಳೊಳಗೆ ಉಪಚುನಾವಣೆ ನಡೆಯಬೇಕೆಂದು ಕಾನೂನೇ ಹೇಳುತ್ತದೆ. ಅದೇ ಆರು ತಿಂಗಳನ್ನು ಮೇಲ್ಮನವಿಗೂ ಗಡುವಾಗಿ ನಿಗದಿಪಡಿಸಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತರಲಿ. ಭ್ರಷ್ಟಾಚಾರ ಮತ್ತು ಸಾರ್ವಜನಿಕ ಸಂಪತ್ತಿನ ಲೂಟಿಯಲ್ಲಿ ದೋಷಿಯಾದ ಶಾಸಕರ ತೀರ್ಪಿಗೆ ತಡೆ ಬೇಡ. ಹೈಕೋರ್ಟ್ ಪ್ರತಿದಿನ ಕೂತು ಮೇಲ್ಮನವಿ ಆಲಿಸಲಿ. ನಿರ್ದೋಷಿಯಾದರೆ ಶಾಸಕರು ತಮ್ಮ ಸ್ಥಾನಕ್ಕೆ ಮರಳುತ್ತಾರೆ, ಶಿಕ್ಷೆ ಖಾಯಂ ಆದರೆ ಚುನಾವಣಾ ಆಯೋಗ ಗಂಗಾವತಿಗೋ ಕಾರವಾರಕ್ಕೋ ದಿನಾಂಕ ಪ್ರಕಟಿಸುತ್ತದೆ. ಅನರ್ಹತೆಯ ಅಧಿಸೂಚನೆ ತೀರ್ಪು ಬಂದ ದಿನವೇ ಹೊರಡಲಿ, ಶಾಸಕರು ಯಾವ ಪಕ್ಷದವರೇ ಆಗಿರಲಿ.