ಪಹಣಿಯಿಂದ ಪ್ರೋಗ್ರಾಮರ್ ಕಲಿಯಬೇಕಾದ್ದು

ಕಳೆದ ತಿಂಗಳು ಊರಿಗೆ (ಭಾಲ್ಕಿಗೆ) ಹೋಗಿದ್ದಾಗ ಹಿರಿಯರೊಬ್ಬರು ಕೇಳಿದ ಪ್ರಶ್ನೆ ಇನ್ನೂ ತಲೆಯಲ್ಲಿ ಕೊರೀತಾ ಇದೆ. ಅದಕ್ಕೇ ಈ ಬರಹ. ತಂತ್ರಾಂಶದ ಗಂಧ ಗಾಳಿ ಇಲ್ಲದವರೂ ಧೈರ್ಯವಾಗಿ ಓದಬಹುದು, ಕೋಡು ಗೀಡು ಏನೂ ಹಾಕಿಲ್ಲ :-)

ಕತೆ ಹೀಗಿದೆ. ಬೀದರ್ ನಗರದ ಒಂದು ಶಿಕ್ಷಣ ಸಂಸ್ಥೆಗೆ (ಹೆಸರು ಬೇಡ) ನಾನೂ ನನ್ನ ಗೆಳೆಯನೂ ಸೇರಿ ಪ್ರವೇಶ, ಫೀಸು, ವರ್ಗಾವಣೆ ಪ್ರಮಾಣಪತ್ರ ನೋಡಿಕೊಳ್ಳುವ ತಂತ್ರಾಂಶ ಮಾಡಿಕೊಟ್ಟಿದ್ದೆವು. ರಿಕ್ವೈರ್‌ಮೆಂಟು ಬರೆದುಕೊಳ್ಳುವಾಗ ತಾಲೂಕುಗಳ ಪಟ್ಟಿ ಕೇಳಿದೆ. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್, ಬಸವಕಲ್ಯಾಣ. "ಐದೇ ಅವರಿ, ಅದೇನ್ ಬದಲಾಗಲ್ಲ, ಹಾಕ್ರಿ" ಅಂದರು ಕಚೇರಿಯವರು. ಚಿಕ್ಕಂದಿನಿಂದ ಐದೇ ಅಂತ ಬಾಯಿಪಾಠ ಮಾಡಿದವನು ನಾನು. ಹಾಕಿಬಿಟ್ಟೆ, ಕೋಡಿನೊಳಗೇ.

2017ರ ರಾಜ್ಯ ಬಜೆಟ್‌ನಲ್ಲಿ ಹೊಸ ತಾಲೂಕುಗಳ ಘೋಷಣೆಯಾಯಿತು, 2018ರಲ್ಲಿ ಅವು ಅಸ್ತಿತ್ವಕ್ಕೂ ಬಂದವು. ಔರಾದಿನಿಂದ ಕಮಲನಗರ, ಹುಮನಾಬಾದಿನಿಂದ ಚಿಟಗುಪ್ಪ, ಬಸವಕಲ್ಯಾಣದಿಂದ ಹುಲಸೂರು ಬೇರೆಯಾದವು. ನಮ್ಮ ಜಿಲ್ಲೆಯ ಐದು ಎಂಟಾಯಿತು. ಸಂಸ್ಥೆಯಿಂದ ಫೋನು ಬಂತು, "ಮೂರು ಹೆಸರು ಸೇರಿಸ್ರಿ, ಹತ್ತು ಮಿನಿಟಿನ ಕೆಲಸ ಅದ." ನಿಜಕ್ಕೂ ಹತ್ತೇ ನಿಮಿಷ ಹಿಡಿಯಿತು. ಜೊತೆಗೆ ನಾವು ಇನ್ನೂ ಒಂದು ಜಾಣತನ ಮಾಡಿದೆವು. ಕಮಲನಗರಕ್ಕೆ ಸೇರಿದ ಊರುಗಳ ಮಕ್ಕಳ ದಾಖಲೆಯಲ್ಲೆಲ್ಲಾ "ಔರಾದ್" ತೆಗೆದು ಒಂದೇ ಏಟಿಗೆ "ಕಮಲನಗರ" ಅಂತ ಬದಲಾಯಿಸಿದೆವು. ಹಳೆಯ ಮಕ್ಕಳದೂ ಸೇರಿ!

2016ರಲ್ಲೇ ಓದು ಮುಗಿಸಿ ಹೋಗಿದ್ದ ಒಬ್ಬ ಹುಡುಗ ವರ್ಗಾವಣೆ ಪ್ರಮಾಣಪತ್ರದ ಎರಡನೇ ಪ್ರತಿ ಬೇಕು ಅಂತ ಬಂದ. ಅದರಲ್ಲಿ ತಾಲೂಕು ಕಮಲನಗರ ಅಂತ ಬಂತು. ಅವನ ಕೈಲಿದ್ದ ಉಳಿದ ಹಳೆಯ ಕಾಗದಗಳಲ್ಲೆಲ್ಲಾ ಔರಾದ್. ಕೆಲಸದ ದಾಖಲೆ ಪರಿಶೀಲನೆಯಲ್ಲಿ "ತಾಳೆ ಆಗುತ್ತಿಲ್ಲ" ಅಂತ ಬದಿಗಿಟ್ಟರಂತೆ. ಆ ಹುಡುಗನ ತಂದೆಯೇ ಭಾಲ್ಕಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದವರು.

"ನನ್ನ ಮಗ ಔರಾದ್ ತಾಲೂಕಿನ್ಯಾಗ ಹುಟ್ಯಾನ, ಔರಾದ್ ತಾಲೂಕಿನವ ಅಂತೇ ಸಾಲಿ ಕಲ್ತಾನ. ನಿಮ್ಮ ಕಂಪ್ಯೂಟರ್ ಅಲ್ಲಂತದ. ಯಾವ್ದು ಖರೆ ಹೇಳ್ರಿ ಸರ?"

"ಎರಡೂ ಖರೆ ಕಾಕಾ" ಅಂದೆ. ಅವರು ನನ್ನ ಮುಖ ನೋಡಿದ ರೀತಿ ಮರೆಯಲಾರೆ.

ಆದರೆ ಉತ್ತರ ಅದೇ. ಎರಡೂ ಸರಿ, ಅದರದರ ತಾರೀಕಿಗೆ. ತಪ್ಪಾಗಿದ್ದು ನಮ್ಮದು. ನಾವು ತಾರೀಕನ್ನೇ ಇಟ್ಟಿರಲಿಲ್ಲ.

ನಮ್ಮ ಕ್ಷೇತ್ರದಲ್ಲಿ ಎಲ್ಲರೂ ಗೊಣಗುವುದು ಗಿರಾಕಿ ದಿನಾ ಹೊಸದು ಕೇಳುತ್ತಾನೆ ಅಂತ. ನನಗೆ ಅದು ದೊಡ್ಡ ರೋಗ ಅನಿಸುವುದಿಲ್ಲ. ಹೊಸದು ಕೇಳುವವನಿಗೆ ಬಾಯಿ ಇರುತ್ತದೆ. ಹಳತಾದ ಬೇಡಿಕೆಗೆ ಬಾಯಿ ಇರುವುದಿಲ್ಲ. ತನ್ನ ಕಾರಣ ಸತ್ತು ಹೋದರೂ ಅದು ಕೋಡಿನೊಳಗೆ ಸುಮ್ಮನೆ ಕೆಲಸ ಮಾಡುತ್ತಲೇ ಇರುತ್ತದೆ. ಯಾಕೆ ಹಾಕಿದ್ದರು, ಯಾರು ಕೇಳಿದ್ದರು ಗೊತ್ತಿಲ್ಲದ ಮೇಲೆ ತೆಗೆಯಲೂ ಭಯ, ಇಡಲೂ ಭಯ.

ಒಂದು ಕಾನೂನಿನ ಉದಾಹರಣೆ ನೋಡಿ. ಕೃಷಿಯೇತರ ಆದಾಯ ಇಷ್ಟಕ್ಕಿಂತ ಹೆಚ್ಚಿದ್ದವರು ಹೊಲ ಕೊಳ್ಳುವಂತಿಲ್ಲ ಅಂತ ನಮ್ಮ ಭೂಸುಧಾರಣಾ ಕಾಯ್ದೆಯ 79ಎ ಹೇಳುತ್ತಿತ್ತು. ಆ ಮಿತಿ 2 ಲಕ್ಷ ಇದ್ದದ್ದು 2015ರಲ್ಲಿ 25 ಲಕ್ಷ ಆಯಿತು. 2020ರಲ್ಲಿ ಆ ಕಲಮನ್ನೇ ತೆಗೆದುಹಾಕಿದರು. ಹೊಲದ ವ್ಯವಹಾರಕ್ಕೆ ಯಾರಾದರೂ ಒಂದು ಪ್ರೋಗ್ರಾಮು ಬರೆದು "2,00,000" ಅಂತ ಬರೇ ಅಂಕಿ ಹಾಕಿಟ್ಟಿದ್ದರೆ? ಪಕ್ಕದಲ್ಲಿ "79ಎ ಪ್ರಕಾರ" ಅಂತ ಎರಡು ಪದ ಇದ್ದರೆ ಮುಂದೆ ಬಂದವನು ಬಚಾವ್. ಇಲ್ಲದಿದ್ದರೆ ಆ ಅಂಕಿ ಒಂದು ಭೂತ.

ಇದಕ್ಕೆ ಪರಿಹಾರ ಅಮೆರಿಕದ ಪುಸ್ತಕಗಳಲ್ಲಿ ಹುಡುಕಬೇಕಿಲ್ಲ, ನಮ್ಮ ತಹಸೀಲ ಕಚೇರಿಯಲ್ಲೇ ಇದೆ. ನಗಬೇಡಿ, ಕೇಳಿ.

ಪಹಣಿ ನೋಡಿದ್ದೀರಲ್ಲ? ಮಾಲೀಕನ ಹೆಸರಿನ ಮಗ್ಗುಲಲ್ಲೇ ಎಂ.ಆರ್. ಸಂಖ್ಯೆ ಇರುತ್ತದೆ, ಅಂದರೆ ಮ್ಯುಟೇಶನ್ ರಿಜಿಸ್ಟರಿನ ಸಂಖ್ಯೆ (ಗಡಿಯಾಚೆ ಉದಗೀರ ಕಡೆಯವರು ಇದಕ್ಕೆ ಫೇರ್‌ಫಾರ್ ಅಂತಾರೆ). ಹೆಸರು ಸುಮ್ಮನೆ ಬದಲಾಗುವುದಿಲ್ಲ. ಮಾರಾಟವೋ, ಪಾಲೋ, ಪೌತಿಯೋ ಕಾರಣ ಬರೆಯಬೇಕು. ಸಂಬಂಧಪಟ್ಟವರಿಗೆ ನೋಟಿಸು ಹೋಗಬೇಕು. ಮೊದಲಿನಿಂದ ಬಂದ ಪದ್ಧತಿಯಲ್ಲಿ ತಕರಾರಿಗೆ 30 ದಿನ. ಆಮೇಲೆ ಒಬ್ಬ ಅಧಿಕಾರಿ ಆದೇಶ ಮಾಡಿ ಸಹಿ ಹಾಕಬೇಕು. ಹಳೆಯ ಹೆಸರು ಹಳೆಯ ವರ್ಷದ ಪಹಣಿಯಲ್ಲಿ ಹಾಗೇ ಉಳಿಯುತ್ತದೆ. ಅಜ್ಜನ ಕಾಲದ ಪಹಣಿಯಲ್ಲಿ ಯಾರೂ ಮೊಮ್ಮಗನ ಹೆಸರು ತುರುಕುವುದಿಲ್ಲ. ನಾವು ತುರುಕಿದ್ದೆವು!

ಇದೇ ಪಹಣಿಯನ್ನು ಗಣಕಕ್ಕೆ ಹಾಕಿದ ಚರಿತ್ರೆಯಲ್ಲೂ ಪಾಠ ಇದೆ. 1991ರಲ್ಲಿ ಕೇಂದ್ರದ ಹಣದಲ್ಲಿ ನಮ್ಮ ಪಕ್ಕದ ಗುಲ್ಬರ್ಗ (ಈಗಿನ ಕಲಬುರಗಿ) ಜಿಲ್ಲೆಯಲ್ಲೇ ರಾಜ್ಯದ ಮೊದಲ ಪ್ರಯೋಗ ಶುರುವಾಯಿತು, 1996ರ ಹೊತ್ತಿಗೆ ಎಲ್ಲಾ ಜಿಲ್ಲೆಗೂ ಮಂಜೂರಾಯಿತು. ಆದರೆ ದಾಖಲೆ ದಿನನಿತ್ಯ ಬದಲಾಗುವುದು ತಾಲೂಕಿನಲ್ಲಿ, ಅಲ್ಲಿಗೆ ಕಂಪ್ಯೂಟರ್ ಕೊಡುವ ಏರ್ಪಾಡೇ ಇರಲಿಲ್ಲ. ತುಂಬಿಸಿದ ಮಾಹಿತಿ ತುಂಬಿಸಿದ ದಿನದಿಂದಲೇ ಹಳಸತೊಡಗಿತು. ಆಮೇಲೆ ಬಂದ 'ಭೂಮಿ' ಯೋಜನೆ ಕಂಪ್ಯೂಟರನ್ನು ತಾಲೂಕಿಗೇ ತಂದಿತು. ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರು, 177 ತಾಲೂಕು, ಪ್ರತಿಗೆ ಆಗ 15 ರೂಪಾಯಿ. ಮ್ಯುಟೇಶನ್ ಅರ್ಜಿಗಳನ್ನು ಬಂದ ಸರದಿಯಲ್ಲೇ ಮುಗಿಸಬೇಕು ಅಂತ ನಿಯಮವನ್ನು ತಂತ್ರಾಂಶದಲ್ಲೇ ಕಟ್ಟಿದರು. ಎಲ್ಲಕ್ಕಿಂತ ಮುಖ್ಯವಾಗಿ, ಕೌಂಟರ್ ಶುರುವಾದ ಕಡೆ ಕೈಬರಹದ ಪಹಣಿ ಇನ್ನು ನಡೆಯುವುದಿಲ್ಲ ಅಂತ ಸಾರಿಬಿಟ್ಟರು. ಹಳೆಯದಕ್ಕೆ ಕೊನೆಯ ದಿನ ಗೊತ್ತುಮಾಡಿದ್ದೇ ಅರ್ಧ ಗೆಲುವು ಅಂತ ನನ್ನ ಅಭಿಪ್ರಾಯ. ಎರಡೂ ಜೊತೆಗೆ ನಡೆಯಲಿ ಅಂದಿದ್ದರೆ ಯಾವುದು ಖರೆ ಅನ್ನೋ ಕಾಕಾನ ಪ್ರಶ್ನೆ ರಾಜ್ಯದ ತುಂಬಾ ಏಳುತ್ತಿತ್ತು.

ಹಾಗಂತ ಭೂಮಿಯಲ್ಲಿ ತಪ್ಪೇ ಇಲ್ಲ ಅಂತಲ್ಲ. ಹೆಸರಿನಲ್ಲಿ ಒಂದಕ್ಷರ ತಿದ್ದಿಸಲು ಓಡಾಡಿದವರು ನಮ್ಮ ಮನೆಯಲ್ಲೂ ಇದ್ದಾರೆ. ಆದರೆ ಪದ್ಧತಿಯ ಬುಡ ಗಟ್ಟಿ.

ಗೆಳೆಯನ ವಾದ ಬೇರೆ. 2001ರ ಅಜೈಲ್ ಪ್ರಣಾಳಿಕೆಯವರೇ ಬದಲಾವಣೆಯನ್ನು ತಡವಾಗಿ ಬಂದರೂ ಸ್ವಾಗತಿಸಿ ಅಂದಿದ್ದಾರೆ, ನೀನು ರಿಜಿಸ್ಟರು ಬರೀ ಅಂತೀಯಲ್ಲೋ, ಅಂತ. ನಾನೂ ಸ್ವಾಗತಿಸುವವನೇ. ಆದರೆ ಮನೆಗೆ ಬಂದವರ ಹೆಸರನ್ನೂ ಕೇಳದಿದ್ದರೆ ಅದೆಂಥ ಸ್ವಾಗತ? ಅವನು ಈಗ ಪುಣೆಯಲ್ಲಿ, ನಾನು ಹೈದರಾಬಾದಿನಲ್ಲಿ. ಐದು ತಾಲೂಕು ಯಾಕೆ ಕೋಡಿನೊಳಗೆ ಹೋಯಿತು ಅಂತ ಬಲ್ಲವರು ಇವತ್ತು ಬೀದರಿನಲ್ಲಿ ಯಾರೂ ಇಲ್ಲ.

ಹಾಗಾಗಿ ಈಗ ಪ್ರತಿ ಬೇಡಿಕೆಯ ಮುಂದೆ ನಾಲ್ಕು ಮಾತು ಬರೆಯುತ್ತೇನೆ. ಕೇಳಿದವರು ಯಾರು, ಯಾಕೆ, ಯಾವತ್ತಿನಿಂದ, ಏನಾದರೆ ಇದು ರದ್ದು. ಬದಲಾಯಿಸುವ ಮುನ್ನ ಕೌಂಟರಿನಲ್ಲಿ ಕೂರುವವರಿಗೆ ಒಂದು ವಾರದ 'ನೋಟಿಸು'. ವರ್ಷಕ್ಕೊಮ್ಮೆ ಅವರ ಜೊತೆ ಕೂತು ಇಡೀ ಪಟ್ಟಿ ಓದಿ, ಕಾರಣ ಸತ್ತದ್ದಕ್ಕೆ ಕೊನೆಯ ತಾರೀಕು. ಅಳಿಸುವ ಮಾತೇ ಇಲ್ಲ. ಇದಕ್ಕೆ ಸಮಯ ಹಿಡಿಯುತ್ತದೆ, ಅದರ ಕೂಲಿಯನ್ನು ಮೊದಲೇ ಕೇಳಬೇಕು. "ಹತ್ತು ಮಿನಿಟಿನ ಕೆಲಸ" ಅಂದವರಿಗೆ ಹುಡುಗನ ಕತೆ ಹೇಳುತ್ತೇನೆ.

ಆ ಪ್ರಮಾಣಪತ್ರ ಸರಿಮಾಡಿಸಿ ಕೊಟ್ಟೆವು. ಅಷ್ಟರಲ್ಲಿ ಹುಡುಗ ನಾಲ್ಕು ಸಲ ಬೀದರಿಗೆ ಬಂದು ಹೋಗಿದ್ದ. ಆ ಬಸ್ ಚಾರ್ಜು ನಮ್ಮ ಯಾವ ಅಂದಾಜು ಪಟ್ಟಿಯಲ್ಲೂ ಇರಲಿಲ್ಲ.

ನೀವು ಮಾಡಿದ, ಇಲ್ಲಾ ಬಳಸುವ ತಂತ್ರಾಂಶದಲ್ಲೂ ಇಂಥ "ಐದೇ ಅವರಿ" ಇದ್ದರೆ ನೀವೂ ಬರೀರಿ. ಓದಲು ಕಾದಿರುತ್ತೇನೆ.