ಹಳೇ ಡಾಲ್ಫಿನ್‌ಗೆ ಸ್ವಿಫ್ಟ್ ಇಂಜಿನ್ ಬೇಡ

ಗಲ್ಫಿನಲ್ಲಿ ದುಡಿದು ಬರುವ ನಮ್ಮ ಕಡೆಯ ಹುಡುಗರಿಗೆ ಈಗ ಹಳೇ ಕಾರುಗಳ ಮೇಲೆ ಮನಸ್ಸಾಗಿದೆ. ಒಳ್ಳೆಯದೇ. ಆದರೆ ಗಾಡಿ ತಂದ ಮರುದಿನವೇ ‘ಇದಕ್ಕೆ ಯಾವ ಇಂಜಿನ್ ಕೂರಿಸೋಣ’ ಎಂದು ಕೇಳುತ್ತಾರಲ್ಲ, ನನ್ನ ತಕರಾರು ಅಲ್ಲಿ. ಕುಮಟಾದಲ್ಲಿ ಗ್ಯಾರೇಜು ನಡೆಸುತ್ತಲೇ ಕೂದಲು ನರೆತವನು ನಾನು.

ಮೊನ್ನೆ ಭಟ್ಕಳದ ಹುಡುಗನೊಬ್ಬ ಲಾರಿಯಲ್ಲಿ ಹೇರಿಸಿಕೊಂಡು ತಂದದ್ದು ಸಿಪಾನಿ ಡಾಲ್ಫಿನ್. ಹಿಂದೆ ರ‍್ಯಾಲಿಯಲ್ಲಿ ಓಡಿದ ಗಾಡಿಯಂತೆ. ಒಳಗೆ ರೋಲ್ ಕೇಜ್ ಕೂರಿಸಿದ್ದ ಗುರುತು ಇನ್ನೂ ಇದೆ. ‘ನಾಯ್ಕರೆ, ಸ್ವಿಫ್ಟ್ ಡೀಸೆಲ್ ಇಂಜಿನ್ ಗುಜರಿಯಲ್ಲಿ ಸಿಕ್ತದೆ, ಹಾಕಿ ಕೊಡಿ’ ಅಂದ. ‘ಆಗೂದಿಲ್ಲ ತಮಾ’ ಅಂದೆ. ಯಾಕೆ ಆಗುವುದಿಲ್ಲ ಎಂಬುದನ್ನು ಎಲ್ಲರಿಗೂ ಹೇಳಬೇಕು ಅನ್ನಿಸಿತು.

ಡಾಲ್ಫಿನ್ ಬೆಂಗಳೂರಿನಲ್ಲಿ ತಯಾರಾದರೂ ಹುಟ್ಟು ಇಂಗ್ಲೆಂಡಿನದು. ಅಲ್ಲಿನ ರಿಲಯಂಟ್ ಕಂಪನಿಯ ಕಿಟನ್ ಕಾರನ್ನೇ ಸಿಪಾನಿಯವರು 1982ರಲ್ಲಿ ಇಲ್ಲಿ ತಂದರು. ಫೈಬರ್ ಬಾಡಿ, 848 ಸಿಸಿಯ ನಾಲ್ಕು ಸಿಲಿಂಡರ್ ಇಂಜಿನ್. ಅಂಬಾಸಿಡರ್, ಫಿಯಟ್‌ಗಳ ಕಾಲದಲ್ಲಿ ಇಷ್ಟು ಹಗುರದ ಗಾಡಿ ಬೇರೆ ಇರಲಿಲ್ಲ. ಅದಕ್ಕೇ ರೇಸಿನವರೂ ರ‍್ಯಾಲಿಯವರೂ ಅದನ್ನು ಹುಡುಕಿಕೊಂಡು ಹೋದರು, ಮಾರುತಿ ಬರುವ ತನಕ.

ಆ ಇಂಜಿನ್ನಿಗೂ ದೊಡ್ಡ ವಂಶವಿದೆ. ಆಸ್ಟಿನ್ ಸೆವೆನ್ ಇಂಜಿನ್ ನಿಂತುಹೋದಾಗ ರಿಲಯಂಟ್‌ನವರು ಅದನ್ನೇ ತಾವು ಮಾಡತೊಡಗಿದರು; 1962ರಲ್ಲಿ ಅದರ ಜಾಗಕ್ಕೆ ಪೂರ್ತಿ ಅಲ್ಯೂಮಿನಿಯಂನ ತಮ್ಮದೇ ಇಂಜಿನ್ ತಂದರು. ಇಂಗ್ಲೆಂಡಿನ 750 ಫಾರ್ಮುಲಾ ರೇಸಿನಲ್ಲಿ ಆಸ್ಟಿನ್ ಇಂಜಿನ್ ಸಿಗುವುದು ಕಷ್ಟವಾದಾಗ ರೇಸಿನವರು ಆರಿಸಿಕೊಂಡದ್ದೂ ಇದನ್ನೇ. ಅದೇ ಅಳತೆ, ಅದೇ ಹಗುರ. ಇನ್ನಷ್ಟು ಕುದುರೆಶಕ್ತಿ ಬೇಕೆಂದು ದೊಡ್ಡದರ ಹಿಂದೆ ಹೋಗಲಿಲ್ಲ.

ಈಗ ನಮ್ಮ ಗಾಡಿಗೆ ಬನ್ನಿ. ನಮ್ಮ ಉಪ್ಪುಗಾಳಿಗೆ ಫೈಬರ್ ಬಾಡಿ ಜಗ್ಗುವುದಿಲ್ಲ. ಬಣ್ಣ ಹೊಡೆದರೆ ಹೊಸದೇ. ಕೆಳಗಿರುವ ಚಾಸಿ ಮಾತ್ರ ಕಬ್ಬಿಣದ್ದು. ಹಿಂದಿನ ಕಮಾನು ಪ್ಲೇಟ್ ಕೂರುವ ಜಾಗಕ್ಕೆ ಸ್ಕ್ರೂ ಡ್ರೈವರ್ ಒತ್ತಿದೆ. ತುಕ್ಕು ಉದುರಿ ತುದಿ ಸೀದಾ ಒಳಗೆ ಹೋಯಿತು. ಹುಡುಗ ಬಗ್ಗಿ ನೋಡಿ ಸುಮ್ಮನಾದ. ಇಂಥ ಚಾಸಿಯ ಮೇಲೆ ಎರಡು ಪಟ್ಟು ತೂಕದ ಡೀಸೆಲ್ ಇಂಜಿನ್ ಇಡುವುದೇ? ಸ್ವಿಫ್ಟ್ ಇಂಜಿನ್ ಅಡ್ಡ ಕೂತು ಮುಂದಿನ ಚಕ್ರ ತಿರುಗಿಸುವಂಥದ್ದು. ಡಾಲ್ಫಿನ್‌ನದು ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸುತ್ತದೆ. ಕೂರಿಸಬೇಕೆಂದರೆ ಮುಂಭಾಗವನ್ನೆಲ್ಲ ಕೊಯ್ಯಬೇಕು, ಗೇರ್ ಬಾಕ್ಸ್ ಬೇರೆ ಹುಡುಕಬೇಕು. ಬ್ರೇಕು ನಾಲ್ಕೂ ಡ್ರಮ್ಮು, ನಲವತ್ತು ಕುದುರೆಶಕ್ತಿಯ ಗಾಡಿಗೆಂದು ಲೆಕ್ಕ ಹಾಕಿ ಮಾಡಿದ್ದು. ಶಿರಸಿಗೆ ಹೋಗುವಾಗ ದೇವಿಮನೆ ಘಟ್ಟವನ್ನು ಹಾರಿಕೊಂಡು ಹತ್ತಬಹುದು. ಇಳಿಯುವಾಗ ಏನು ಮಾಡುತ್ತಾರೆ?

ಕಾನೂನೂ ಇದೆ. ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವಂತೆ ಗಾಡಿ ಬದಲಾಯಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. 2021ರಲ್ಲಿ ಬಂದ ವಿಂಟೇಜ್ ನಿಯಮವನ್ನು ಹುಡುಗರು ಇನ್ನೂ ಗಮನವಿಟ್ಟು ಓದಬೇಕು. ಐವತ್ತು ವರ್ಷ ದಾಟಿದ, ಚಾಸಿ, ಬಾಡಿ, ಇಂಜಿನ್ ಮೂಲದಂತೆಯೇ ಉಳಿದ ಗಾಡಿಗೆ ಮಾತ್ರ ‘ವಿಎ’ ನಂಬರು. 1982ರ ಡಾಲ್ಫಿನ್‌ಗೆ 2032ರಲ್ಲಿ ಐವತ್ತು ತುಂಬುತ್ತದೆ. ಇಂದು ಕೊಯ್ದರೆ ಅಂದು ಆ ನಂಬರು ಸಿಕ್ಕುವುದಿಲ್ಲ.

ಹಾಗಾದರೆ ದಾರಿ? ಇದ್ದ ಇಂಜಿನ್ನನ್ನೇ ಕಟ್ಟಿಸಿ. ಇದರ ಲೈನರುಗಳನ್ನು ಹೊರಗೆ ತೆಗೆದು ಹೊಸದು ಕೂರಿಸಬಹುದು. ರಿಲಯಂಟ್‌ನವರು ಇದೇ ಇಂಜಿನ್ನನ್ನು ಮೂರು ಚಕ್ರದ ರಾಬಿನ್‌ಗೆ ಹಾಕಿ 2001ರ ತನಕ ಮಾರಿದರು, ಹಾಗಾಗಿ ಪಿಸ್ಟನ್, ಲೈನರ್, ಗ್ಯಾಸ್ಕೆಟ್ ಇಂಗ್ಲೆಂಡಿನಲ್ಲಿ ಇನ್ನೂ ಸಿಗುತ್ತವೆ. ದುಬೈಯಲ್ಲಿ ಅಣ್ಣಂದಿರು ಇರುವವರಿಗೆ ತರಿಸುವುದು ಕಷ್ಟವೇ? ಒಂದೇ ಎಚ್ಚರ: ರೇಡಿಯೇಟರಿಗೆ ಕೂಲಂಟ್ ಹಾಕಿ. ಹೊಳೆಸಾಲಿನ ಸವಳು ಬಾವಿಯ ನೀರು ಅಲ್ಯೂಮಿನಿಯಂ ಹೆಡ್ಡನ್ನು ತಿಂದುಹಾಕುತ್ತದೆ.

ಬ್ಲಾಕೇ ಒಡೆದಿದ್ದರೆ ಓಮ್ನಿಯ 796 ಸಿಸಿ ಇಂಜಿನ್ ನೋಡಬಹುದು. ಅದೂ ಉದ್ದಕ್ಕೆ ಕೂರುವಂಥದ್ದು, ಹಿಂದಿನ ಚಕ್ರದ್ದೇ, ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ. ಆದರೆ ಹೊನ್ನಾವರದ ಆರ್‌ಟಿಒ ಕಚೇರಿಯಲ್ಲಿ ಮೊದಲು ಬರಹದಲ್ಲಿ ಕೇಳಿ. ಒಪ್ಪಿಗೆ ಸಿಗದಿದ್ದರೆ ರಸ್ತೆಗೆ ಇಳಿಸಬೇಡಿ. ಚಾಸಿ ಕೊಯ್ಯದೆ, ಬೋಲ್ಟ್ ಬಿಚ್ಚಿದರೆ ಕಳಚುವ ಮೌಂಟಿಂಗ್ ಮಾಡಿಸಿ. ಒಡೆದ ಬ್ಲಾಕನ್ನು ಗುಜರಿಗೆ ತೂಕಕ್ಕೆ ಹಾಕಬೇಡಿ. ಆರ್‌ಸಿಯಲ್ಲಿರುವ ನಂಬರು ಅದರ ಮೇಲಿದೆ. ಅಲ್ಯೂಮಿನಿಯಂ ಬೆಸೆಯುವ ಒಳ್ಳೆಯ ಕೈ ಸಿಕ್ಕರೆ ಅದನ್ನೇ ಮತ್ತೆ ಕೂರಿಸಬಹುದು.