ಬಾಯಿಲ್ಲದ ಕಾವಲುಗಾರ

‘ತಂತ್ರಾಂಶವನ್ನು ಮೇಲ್ದರ್ಜೆಗೇರಿಸಿದ್ದೇವೆ’ ಎಂದು ಯಾರಾದರೂ ಹಿಗ್ಗಿನಿಂದ ಹೇಳಿದರೆ ನನಗೆ ಈಚೆಗೆ ಸಿಟ್ಟೇ ಬರುತ್ತದೆ. ಏರಿದ್ದನ್ನು ಹೇಳುತ್ತಾರೆ, ಕಳಚಿ ಬಿದ್ದದ್ದನ್ನು ಹೇಳುವವರಿಲ್ಲ.

ನಮ್ಮ ಕಚೇರಿಯಲ್ಲಿ ಜಾವಾದಲ್ಲಿ ಬರೆದ ಒಂದು ನೋಂದಣಿ ಫಾರಂ ಇದೆ. ಹೆಸರು ಖಾಲಿ ಬಿಡಬಾರದು, ಮೊಬೈಲ್ ನಂಬರಿಗೆ ಹತ್ತು ಅಂಕಿ ಇರಬೇಕು. ಇಂಥ ನಿಯಮಗಳನ್ನು ಡಬ್ಬಕ್ಕೆ ಚೀಟಿ ಅಂಟಿಸಿದ ಹಾಗೆ ಬರೆದಿಡುತ್ತೇವೆ. ಇದಕ್ಕೆ ಅನೊಟೇಶನ್ ಎಂದು ಹೆಸರು. ಚೀಟಿ ತಾನಾಗಿ ಏನನ್ನೂ ತಡೆಯದು. ಅದನ್ನು ಓದುವ ಕಾವಲುಗಾರನೊಬ್ಬ ಬೇಕು. ಸ್ಪ್ರಿಂಗ್ ಬೂಟ್ ಎಂಬ ಚೌಕಟ್ಟನ್ನು 3ನೇ ಆವೃತ್ತಿಗೆ ಏರಿಸಿದ ಮೇಲೆ ಹೆಸರಿಲ್ಲದ ಅರ್ಜಿಗಳು, ಮೂರಂಕಿಯ ಫೋನ್ ನಂಬರುಗಳು ಸಲೀಸಾಗಿ ಒಳಬರತೊಡಗಿದವು. ಒಂದು ಎಚ್ಚರಿಕೆಯೂ ಇಲ್ಲ. ಬೆರಳು ತಿರುಗಿದ್ದು ಆ ಫಾರಂ ಬರೆದ ಹುಡುಗಿಯತ್ತ. ‘ಸರಿಯಾಗಿ ನೋಡಿ ಬರೀಬೇಕಮ್ಮ’ ಎಂದರು ಹಿರಿಯರು. ಅವಳು ಬರೆದದ್ದರಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ!

ನಾವಿಬ್ಬರೂ ಒಂದೂವರೆ ದಿನ ಹುಡುಕಿದೆವು. ಚೀಟಿಗಳಿದ್ದವು, ಕಾವಲುಗಾರನೂ ಇದ್ದ. ಕಡೆಗೆ ಕಣ್ಣಿಗೆ ಬಿದ್ದದ್ದು ಕಡತದ ತಲೆಯಲ್ಲಿದ್ದ ಇಂಪೋರ್ಟ್ ಸಾಲು. ನಮ್ಮ ಚೀಟಿಗಳ ಮನೆಹೆಸರು ‘ಜಾವಾಎಕ್ಸ್’. ಹೊಸ ಕಾವಲುಗಾರ ‘ಜಕಾರ್ತಾ’ ಮನೆತನದವನ್ನು ಮಾತ್ರ ಓದುತ್ತಾನೆ. ಹಳೆಯ ಲೈಬ್ರರಿ ಪೂರ್ತಿ ಹೋಗಿದ್ದರೆ ಕಂಪೈಲರ್ ಅಲ್ಲೇ ಕೂಗಿಕೊಳ್ಳುತ್ತಿತ್ತು. ಆದರೆ ಮೇವನ್‌ನಲ್ಲಿ ಲೈಬ್ರರಿಗಳ ವಂಶವೃಕ್ಷ ತೆಗೆಸಿ ನೋಡಿದರೆ, ಇನ್ನಾವುದೋ ಲೈಬ್ರರಿಯ ಸೆರಗು ಹಿಡಿದು ಹಳೆಯ ವ್ಯಾಲಿಡೇಶನ್ ಎಪಿಐ 2.0.1 ಒಳಗೆ ಕೂತಿತ್ತು.

ಹೆಸರು ಬದಲಾದದ್ದೇಕೆ ಎನ್ನುತ್ತೀರಾ? ಜಾಣತನ ಹೆಚ್ಚಿಯಲ್ಲ, ಪಾಲಿನ ಜಗಳದಿಂದ. 2017ರಲ್ಲಿ ಒರಾಕಲ್ ಕಂಪನಿ ಜಾವಾ ಇಇಯನ್ನು ಎಕ್ಲಿಪ್ಸ್ ಫೌಂಡೇಶನ್ನಿಗೆ ಒಪ್ಪಿಸುವುದಾಗಿ ಸಾರಿತು. ಟ್ರೇಡ್‌ಮಾರ್ಕಿನ ಮಾತುಕತೆ ಮಾತ್ರ 2019ರಲ್ಲಿ ಮುರಿದುಬಿತ್ತು. ಆಸ್ತಿ ಕೊಟ್ಟರು, ಮನೆಹೆಸರು ಕೊಡಲಿಲ್ಲ. 2020ರ ಜಕಾರ್ತಾ ಇಇ 9ರಲ್ಲಿ ಎಲ್ಲಕ್ಕೂ ಹೊಸ ಹೆಸರು ಬಂತು. 2022ರ ನವೆಂಬರಿನಲ್ಲಿ ಬಂದ ಸ್ಪ್ರಿಂಗ್ ಬೂಟ್ 3 ಅದನ್ನೇ ಹಿಡಿಯಿತು. ದೊಡ್ಡವರ ವ್ಯಾಜ್ಯ, ಬೈಸಿಕೊಂಡವಳು ನಮ್ಮ ಹುಡುಗಿ.

‘ಮಾರ್ಗದರ್ಶಿಯಲ್ಲಿ ಬರೆದಿತ್ತಲ್ಲ, ಓದಬೇಕಿತ್ತು’ ಎನ್ನುವವರಿದ್ದಾರೆ. ಬರೆದಿತ್ತು, ನಿಜ. ಆದರೆ ನಿನ್ನೆಯವರೆಗೆ ಓದುತ್ತಿದ್ದ ಚೀಟಿಯನ್ನು ಇಂದು ಕಂಡಾಗ ‘ಇದು ಹಳೆಯದು, ನಾನು ಓದುವುದಿಲ್ಲ’ ಎಂದು ಒಂದು ಸಾಲು ಉಸುರುವುದು ಅಷ್ಟು ಕಷ್ಟವೇ? ನಿಲ್ಲುವ ಯಂತ್ರವನ್ನು ರಿಪೇರಿ ಮಾಡಬಹುದು; ನಿಯಮವನ್ನು ಮೌನವಾಗಿ ನುಂಗಿ ನಡೆಯುತ್ತಲೇ ಇರುವುದನ್ನು ಸರಿಯಿದೆ ಎಂದೇ ನಂಬುತ್ತೇವಲ್ಲ! ಪರೀಕ್ಷೆಗಳೂ ಹಾಗೆಯೇ. ಹೆಸರಿರುವ ಅರ್ಜಿ ಒಳಬರುವುದೇ ಎಂದು ಹದಿನೆಂಟು ಪರೀಕ್ಷೆ. ಹೆಸರಿಲ್ಲದ್ದು ಹೊರಗೇ ಉಳಿಯುವುದೇ ಎಂದು ಕೇಳುವ ಒಂದೂ ಇರಲಿಲ್ಲ. ಅವನ್ನು ಬರೆದವರು ಅದೇ ಹಿರಿಯರು.

ಇಂಪೋರ್ಟುಗಳನ್ನು ತಿದ್ದಿ, ಹಳೆಯ ಲೈಬ್ರರಿಯನ್ನು ಹೊರಹಾಕಿ, ಅದು ಮತ್ತೆ ನುಸುಳಿದರೆ ಬಿಲ್ಡ್ ನಿಲ್ಲುವಂತೆ ಮಾಡಿದೆವು. ಖಾಲಿ ಹೆಸರಿನ ಪರೀಕ್ಷೆಯನ್ನು ಆ ಹುಡುಗಿಯೇ ಬರೆದಳು. ವಿಷಯ ತಿಳಿಸಿದಾಗ ಹಿರಿಯರು ‘ಓಹೋ, ಲೈಬ್ರರಿಯದ್ದಾ’ ಎಂದು ಚಹಾಕ್ಕೆ ಹೋದರು. ಅವಳಿಗೆ ಆಡಿದ ಮಾತನ್ನು ಈವರೆಗೂ ಹಿಂದಕ್ಕೆ ತೆಗೆದುಕೊಂಡಿಲ್ಲ.